ಮಳೆಯ ಖಬರ

ನಮ್ಮ ಆಫೀಸಿನಲ್ಲಿ ಶುಕ್ರವಾರ ಮಧ್ಯಾಹ್ನ ಮೂರರ ಮೇಲೆ ಯಾರೂ ಮನಸ್ಸಿಟ್ಟು ಕೋಡ್ ಬರೆಯೋದಿಲ್ಲ. ಎಲ್ಲರ ಸ್ಕ್ರೀನಿನ ಒಂದು ಮೂಲೆಯಲ್ಲಿ ಮ್ಯಾಪ್ ತೆರೆದಿರುತ್ತೆ. ಸಕಲೇಶಪುರವಾ, ಮೂಡಿಗೆರೆಯಾ, ಕುದುರೆಮುಖವಾ? ಬೆಳಗಿನ ಜಾವ ನಾಲ್ಕಕ್ಕೆ ಬಿಟ್ಟರೆ ನೆಲಮಂಗಲದ ಟ್ರಾಫಿಕ್ ತಪ್ಪುತ್ತೆ, ಎಂಟಕ್ಕೆ ದಾರಿಯಲ್ಲಿ ಇಡ್ಲಿ-ವಡೆ, ಹತ್ತಕ್ಕೆ ಬೆಟ್ಟದ ತಿರುವು. ನಿಮ್ಮ ಆಫೀಸಿನಲ್ಲೂ ಇದೇ ಲೆಕ್ಕ ನಡೀತಿರಬೇಕು. ನಾನೂ ಈ ಗುಂಪಿನವನೇ. ಎರಡು ತಿಂಗಳಿಗೊಮ್ಮೆ ಬೆಟ್ಟ ಕಾಣದಿದ್ದರೆ ಕುತ್ತಿಗೆ ಹಿಡಿದ ಹಾಗಾಗುತ್ತೆ.

ಅಂಥ ಒಂದು ಪ್ರಯಾಣದಲ್ಲಿ ಯಾರಾದರೂ ಕೇಳೇ ಕೇಳ್ತಾರೆ, "ನಿಮ್ಮೂರ ಕಡೆ ಏನಿದೆ ನೋಡೋಕೆ?" ಹನ್ನೆರಡು ವರ್ಷದಿಂದ ನನ್ನದು ಒಂದೇ ಉತ್ತರ: "ಗೋಳಗುಮ್ಮಟ ಇದೆ. ಅದು ಬಿಟ್ರೆ ಬಯಲು."

ನಮ್ಮೂರು ವಿಜಯಪುರದಿಂದ ಪಶ್ಚಿಮಕ್ಕೆ, ಟಿಕೋಟಾ ತಾಲೂಕಿನಲ್ಲಿದೆ. ನಾವು ಗುಡ್ಡ ಅಂತ ಕರೆಯೋದನ್ನ ಮಲೆನಾಡಿನವರು ದಿಬ್ಬ ಅಂತಲೂ ಕರೆಯಲಿಕ್ಕಿಲ್ಲ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಜುಲೈನ ಕೆಲವೇ ದಿನದಲ್ಲಿ ಅಷ್ಟು ಸುರಿದುಬಿಡುತ್ತೆ. ಕಪ್ಪು ಮಣ್ಣು, ಜಾಲಿ, ಬೇವು, ಕಣ್ಣು ಹರಿಯುವಷ್ಟು ದೂರ ಆಕಾಶ. ಇದರಲ್ಲಿ ಸ್ಟೇಟಸ್ಸಿಗೆ ಹಾಕೋವಂಥದ್ದು ಏನಿದೆ? ಹಾಗಂತ ನಾನೂ ನಂಬಿದ್ದೆ.

ಕೆಲವು ವರ್ಷದ ಹಿಂದೆ ಏಪ್ರಿಲ್ ಮೊದಲ ವಾರ, ನಾಲ್ಕು ಜನ ಗೆಳೆಯರು ಚಿಕ್ಕಮಗಳೂರಿಗೆ ಹೋಗಿದ್ದೆವು. ಮುಳ್ಳಯ್ಯನಗಿರಿಗೆ ಹೋಗಿ ಬಂದು ಮಧ್ಯಾಹ್ನ ಒಂದು ಕಾಫಿ ತೋಟದ ಹೋಮ್‌ಸ್ಟೇ ಜಗಲಿಯಲ್ಲಿ ಕೂತಿದ್ದಾಗ ಗುಡುಗು ಶುರುವಾಯಿತು. ಐದು ನಿಮಿಷದಲ್ಲಿ ಬೆಟ್ಟ ಮಾಯ. ಹೆಂಚಿನ ಮೇಲೆ ಮಳೆ, ಮಣ್ಣಿನ ವಾಸನೆ, ಕೈಯಲ್ಲಿ ಬಿಸಿ ಕಾಫಿ. ಮನೆ ಯಜಮಾನರು ಅಂಗಳಕ್ಕೇ ಇಳಿದು ಬರಿತಲೆಯಲ್ಲಿ ನಿಂತುಬಿಟ್ಟರು. "ಬಂತು ಮಾರಾಯ್ರೆ, ಅಂತೂ ಬಂತು!" ಅಂತ ನಮ್ಮನ್ನೆಲ್ಲ ನೋಡಿ ನಕ್ಕರು.

ಆಮೇಲೆ ಅವರೇ ವಿವರಿಸಿದರು. ಕಾಫಿ ಗಿಡದ ಮೊಗ್ಗು ಬೇಸಿಗೆಯಲ್ಲಿ ಸುಮ್ಮನೆ ಕಾಯುತ್ತ ಕೂತಿರುತ್ತೆ. ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಹದವಾದ ಮಳೆ ಬಿದ್ದರೆ ಎಂಟು-ಹತ್ತು ದಿನದಲ್ಲಿ ತೋಟವಿಡೀ ಬೆಳ್ಳಗೆ ಅರಳಿಬಿಡುತ್ತೆ. ಅದಕ್ಕೇ ಇದಕ್ಕೆ ಹೂಮಳೆ ಅಂತಾರೆ. ಅದು ಬರದಿದ್ದರೆ ಡೀಸೆಲ್ ಸುಟ್ಟು ಸ್ಪ್ರಿಂಕ್ಲರ್ ಹಾಕಬೇಕು, ಹೊಳೆಯಲ್ಲಿ ನೀರಿಲ್ಲದವರಿಗೆ ಅದೂ ಇಲ್ಲ. ಇಡೀ ವರ್ಷದ ಬೆಳೆ ಆ ಒಂದು ಮಳೆಯ ಮೇಲೆ ನಿಂತಿರುತ್ತೆ. ನಾವು ತಲೆಯಾಡಿಸಿದೆವು. ನಾನು ಇಪ್ಪತ್ತು ಸೆಕೆಂಡಿನ ವಿಡಿಯೋ ಮಾಡಿ ಸ್ಟೇಟಸ್ಸಿಗೆ ಹಾಕಿದೆ: "ಮಳೆ, ಬೆಟ್ಟ, ಕಾಫಿ. ಇನ್ನೇನು ಬೇಕು?"

ಅವತ್ತೇ ಸಂಜೆ ನಮ್ಮೂರಲ್ಲೂ ಮಳೆಯಾಗಿತ್ತು. ನನಗೆ ಗೊತ್ತಾಗಿದ್ದು ನಾಲ್ಕು ದಿನ ಬಿಟ್ಟು.

ದ್ರಾಕ್ಷಿ ನಾಡಿನವರಲ್ಲದವರಿಗೆ ಸ್ವಲ್ಪ ಹೇಳಬೇಕು. ಟಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಬೆಳೆಯೋದು ಹೆಚ್ಚಾಗಿ ಒಣಗಿಸೋದಕ್ಕೆ. ನಮ್ಮ ಮಾತಲ್ಲಿ ಮಣೂಕ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗೊನೆ ಕಡಿದು, ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಯ ಅಟ್ಟಗಳ ಮೇಲೆ ಹರವುತ್ತಾರೆ. ಹದಿನೈದರಿಂದ ಇಪ್ಪತ್ತು ದಿನ ನೆರಳಿನಲ್ಲಿ, ಒಣ ಗಾಳಿಗೆ ಅದು ಒಣಗಬೇಕು. ಸುಮಾರು 4 ಕಿಲೋ ದ್ರಾಕ್ಷಿ 1 ಕಿಲೋ ಮಣೂಕ ಆಗುತ್ತೆ. ಶೆಡ್ಡಿನ ಮೇಲೆ ಹೊದಿಕೆ ಇರುತ್ತೆ, ಆದರೆ ಪಕ್ಕಗಳಿಗೆ ಬರೀ ನೆಟ್ಟು. ಗಾಳಿ ಆಡಬೇಕಲ್ಲ! ಗಾಳಿ ಬರುವ ಆ ಪಕ್ಕದಿಂದಲೇ ಎರಚಲು ಮಳೆಯೂ ಬರುತ್ತೆ. ಅರ್ಧ ಒಣಗಿದ ಕಾಯಿಗೆ ನೀರು ತಾಗಿತೋ, ಬಣ್ಣ ಹೋಗಿ ಕಪ್ಪಾಗುತ್ತೆ, ಬೂಸ್ಟು ಹಿಡಿಯುತ್ತೆ. ಬಂಗಾರದ ಬಣ್ಣದ ಮಣೂಕದ ದರ ಬೇರೆ, ಕಪ್ಪಾದದ್ದರ ಕಥೆಯೇ ಬೇರೆ.

ಅವತ್ತು ಅಪ್ಪ, ಅವ್ವ ಮತ್ತೆ ಒಬ್ಬ ಆಳು, ಮೂರೇ ಜನ, ಗಾಳಿಯಲ್ಲಿ ಹಾರುತ್ತಿದ್ದ ತಾಡಪತ್ರಿ ಹಿಡಿದು ಕಟ್ಟಲು ಒದ್ದಾಡಿದ್ದಾರೆ. ಅಪ್ಪನಿಗೆ 64. ಹಗ್ಗ ಎಳೆದು ಅಂಗೈ ಸುಲಿದಿದೆ. ಮಣೂಕ ಮೂರು ಟನ್ನಿನ ಮೇಲೆ ಹಾಳಾಗಿದೆ. ಇದನ್ನು ನನಗೆ ಹೇಳಿದವಳು ಅವ್ವ, ಅದೂ ಬೇರೆ ಯಾವುದೋ ಮಾತಿನ ನಡುವೆ. ನಾನು ಅಪ್ಪನಿಗೆ ಫೋನ್ ಮಾಡಿ ಸಿಟ್ಟಿನಲ್ಲೇ ಕೇಳಿದೆ, "ಯಾಕ ಹೇಳಲಿಲ್ಲ?"

"ನಿನ್ನ ಟೇಟಸ್ ನೋಡಿದ್ನಿ ತಮ್ಮಾ. ಆರಾಮ ಮಾಡಾಕ ಹೋಗಿದ್ದಿ. ಯಾಕ ಸುಮ್ನ ತ್ರಾಸ ಕೊಡೂದು ಅಂತ ಫೋನ್ ಹಚ್ಚಲಿಲ್ಲ."

ನಮ್ಮ ಕೆಲಸದಲ್ಲಿ ಆನ್-ಕಾಲ್ ಅಂತ ಒಂದು ವ್ಯವಸ್ಥೆ ಇದೆ, ನಿಮಗೆ ಗೊತ್ತು. ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ಯಾರ ಫೋನ್ ಬಾರಿಸಬೇಕು ಅನ್ನೋದಕ್ಕೆ ಒಂದು ಪಟ್ಟಿ. ಆ ವಾರ ನಿಮ್ಮ ಪಾಳಿ ಇದ್ದರೆ ಬೈದುಕೊಳ್ಳುತ್ತೀರಿ. ಆದರೆ ನಿಮ್ಮ ಸಿಸ್ಟಮ್ ಬಿದ್ದ ರಾತ್ರಿ ನಿಮಗೊಬ್ಬರಿಗೆ ಫೋನ್ ಬರದೆ, ಬೆಳಿಗ್ಗೆ ಬೇರೆಯವರಿಂದ ಗೊತ್ತಾದರೆ? ಪಟ್ಟಿಯಿಂದ ಹೆಸರು ತೆಗೆಯುವಾಗ ಯಾರೂ ಸಮಾರಂಭ ಮಾಡೋದಿಲ್ಲ. ಅಪ್ಪನೂ ಮಾಡಿರಲಿಲ್ಲ.

ಅಲ್ಲಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿತು. ಒಂದೇ ದಿನ ಬಿದ್ದ ಮಳೆ. ತೋಟದ ಯಜಮಾನರಿಗೆ ಅದು ಬೆಳೆ, ಅಪ್ಪನಿಗೆ ನಷ್ಟ. ನನಗೆ? ನನಗೆ ಬರೀ ವೆದರ್. ಮೂವರಲ್ಲಿ ಆ ಮಳೆ ಬಂದರೂ ಬರದಿದ್ದರೂ ಏನೂ ಆಗದವನು ನಾನೊಬ್ಬನೇ. ಹಾಗೂ ಮೂವರಲ್ಲಿ ಅದನ್ನು "ಎಷ್ಟು ಚಂದ" ಅಂದವನೂ ನಾನೊಬ್ಬನೇ. ಏನೂ ಆಗದವನಿಗೆ ಮಾತ್ರ ಚಂದ ಕಾಣುತ್ತಾ? ಹಾಗಿದ್ದರೆ ಆ ಚಂದಕ್ಕೆ ಬೆಲೆ ಎಷ್ಟು?

ಇದು ನನಗೆ ಮೊದಲು ಹೊಳೆದದ್ದೇನಲ್ಲ. ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1790ರ ತನ್ನ ಪುಸ್ತಕದಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಾನೆ, ಆದರೆ ಹೊಗಳಿಕೆಯ ದನಿಯಲ್ಲಿ. ಒಂದು ವಸ್ತುವಿನಿಂದ ನನಗೆ ಲಾಭ ಇದೆಯಾ, ಅದು ನನಗೆ ಬೇಕಾ ಅನ್ನೋದನ್ನ ಪಕ್ಕಕ್ಕಿಟ್ಟು ನೋಡಿದಾಗ ಸಿಗುವ ಸಂತೋಷವೇ ನಿಜವಾದ ಸೌಂದರ್ಯದ ಸಂತೋಷ ಅಂತ ಅವನ ವಾದ. ಒಂದು ಅರಮನೆಯ ಉದಾಹರಣೆಯನ್ನೂ ಕೊಡುತ್ತಾನೆ. "ಇದು ಚಂದವಾಗಿದೆಯೇ?" ಅಂತ ಕೇಳಿದರೆ, ದೊಡ್ಡವರ ಒಣ ಹೆಮ್ಮೆಗೆ ಜನರ ಬೆವರು ಸುರಿಸಿದ್ದಾರೆ ಅಂತ ಒಬ್ಬ ಬೈಯಬಹುದು. ಬೈಯಲಿ, ಒಪ್ಪೋಣ, ಆದರೆ ನಾವು ಕೇಳಿದ ಪ್ರಶ್ನೆ ಅದಲ್ಲ ಅನ್ನುತ್ತಾನೆ.

ನನಗಿದು ಗೋಳಗುಮ್ಮಟಕ್ಕೆ ಸರಿಯಾಗಿ ಹೊಂದುತ್ತೆ ಅನ್ನಿಸಿತು. 1656ರಲ್ಲಿ ಮುಗಿದ ಕಟ್ಟಡ, ಮೊಹಮ್ಮದ್ ಆದಿಲ್‌ಶಾಹನ ಗೋರಿ. ಅದರ ಕಲ್ಲು ಹೊತ್ತವರ ಹೆಸರು ನಮಗೆ ಒಂದೂ ಗೊತ್ತಿಲ್ಲ. ಆದರೂ ಮೇಲಿನ ಗ್ಯಾಲರಿಯಲ್ಲಿ ನಿಂತು ಪಿಸುಗುಟ್ಟಿದ್ದು ಆಚೆ ಬದಿಯಲ್ಲಿ ಕೇಳಿದಾಗ ಮೈ ಜುಮ್ಮೆನ್ನುತ್ತೆ, ಅದು ಸುಳ್ಳಲ್ಲ. ಮುನ್ನೂರೈವತ್ತು ವರ್ಷದ ಹಿಂದಿನ ಬೆವರಿಗೆ ನಾನು ಇವತ್ತು ಏನೂ ಮಾಡಲಾರೆ. ಅಲ್ಲಿ ಕಾಂಟ್ ಹೇಳಿದ್ದು ಸರಿ. ಆದರೆ ಬೆವರು ಈಗಲೇ ಸುರಿಯುತ್ತಿದ್ದರೆ? ಅದು ನಮ್ಮಪ್ಪನದಾಗಿದ್ದರೆ? ಆಗಲೂ "ನಾವು ಕೇಳಿದ ಪ್ರಶ್ನೆ ಅದಲ್ಲ" ಅನ್ನಬಹುದಾ?

ಎರಡು ವಾರ ಬಿಟ್ಟು ಕಾರು ತಗೊಂಡು ಊರಿಗೆ ಹೋದೆ. ಶನಿವಾರ ಬೆಳಿಗ್ಗೆ ಅಪ್ಪ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸ್ಯಾಂಪಲ್ ಹಿಡಿದು ಹೊರಟಿದ್ದ, ಒಂದರಲ್ಲಿ ಒಳ್ಳೆಯದು, ಇನ್ನೊಂದರಲ್ಲಿ ಕಪ್ಪಾದದ್ದು. ವಿಜಯಪುರದ ಎಪಿಎಂಸಿಗೆ ಕರಕೊಂಡು ಹೋದೆ. ವ್ಯಾಪಾರಿಯೊಬ್ಬರು ಕಪ್ಪಿನ ಚೀಲಕ್ಕೆ ಕೈ ಹಾಕಿ, ನಾಲ್ಕು ಕಾಳು ಹಿಚುಕಿ, ಮೂಸಿ, ಒಂದು ದರ ಹೇಳಿದರು. ಅಪ್ಪ ಏನೂ ಅನ್ನದೆ ಚೀಲದ ಬಾಯಿ ಕಟ್ಟಿದ. ನಾನು ಮುಖ ಬೇರೆ ಕಡೆ ತಿರುಗಿಸಿದೆ. ನನ್ನ ಬಿಇ ಫೀ ಕಟ್ಟಿದ್ದು ಇದೇ ಮಣೂಕ.

ಕಾರಿನಲ್ಲಿ ಕೂತ ಮೇಲೆ ಅಪ್ಪನೇ ಅಂದ, "ಇವತ್ತ ಮನೀಗೆ ಹೋಗಿ ಏನ್ ಮಾಡೂದೈತಿ? ಕಾರ್ ಐತಲ್ಲ, ಅಡ್ಡಾಡಿ ಬರೂನು ನಡಿ. ನೀವು ಗುಡ್ಡ ನೋಡಾಕ ಹೋಗ್ತೀರಲ್ಲ, ಹಂಗ."

ಹಾಗೆ ಶುರುವಾಯಿತು ನಮ್ಮಿಬ್ಬರ ರೋಡ್ ಟ್ರಿಪ್. ಬೆಟ್ಟವಿಲ್ಲ, ಜಲಪಾತವಿಲ್ಲ, ವ್ಯೂ ಪಾಯಿಂಟ್ ಇಲ್ಲ. ಏಪ್ರಿಲ್ ಕೊನೆಯ ಬಿಸಿಲು, ಎಸಿ ಬೇಡ ಅನ್ನುವ ಅಪ್ಪ, ತೆರೆದ ಕಿಟಕಿಯಿಂದ ಹಬೆಯಂಥ ಗಾಳಿ.

ಅಥಣಿ ರಸ್ತೆಯಲ್ಲಿ ಮೊದಲು ಸಿಗೋದು ತೊರವಿ. ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ಊರು. 1599ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ಇದೇ ಪ್ರದೇಶದಲ್ಲಿ ನವರಸಪುರ ಅಂತ ಹೊಸ ನಗರ ಕಟ್ಟಲು ಶುರು ಮಾಡಿದ. ಅದು ಪೂರ್ತಿಯಾಗಲಿಲ್ಲ, ಹಾಳುಬಿದ್ದ ಗೋಡೆಗಳು ಉಳಿದವು. ನಾನು ಇದನ್ನೆಲ್ಲ ಓದಿಕೊಂಡಿದ್ದೆ, ಅಪ್ಪನಿಗೆ ಹೇಳಿದೆ. ಅಪ್ಪ ಗೋಡೆ ನೋಡುತ್ತ, "ಸಂತೀಗೆ ಹೋಗೂ ಮುಂದ ನಮ್ಮಜ್ಜ ಇಂಥಾ ಗ್ವಾಡಿ ನೆರಳಿಗೇ ಎತ್ತ ಬಿಟ್ಟು ಬುತ್ತಿ ಉಣ್ತಿದ್ನಂತ" ಅಂದ. ಅಪ್ಪನ ಪಾಲಿಗೆ ಆ ಗೋಡೆಯಿಂದ ಸಿಕ್ಕ ಉಪಯೋಗ ಅಷ್ಟು. ಅದೇನು ಕಡಿಮೆಯಲ್ಲ.

ಟಿಕೋಟಾ ದಾಟುವಾಗ ಎರಡೂ ಕಡೆ ದ್ರಾಕ್ಷಿ ಪಡಗಳು. ಏಪ್ರಿಲ್ ಚಾಟ್ನಿ ಮುಗಿಸಿದ ಬಳ್ಳಿಗಳು ಬೋಳಾಗಿ ನಿಂತಿದ್ದವು, ಕೆಲವಕ್ಕೆ ಕೆಂಪು-ಹಸಿರು ಚಿಗುರು. ನಾನೊಬ್ಬನೇ ಆಗಿದ್ದರೆ "ಒಣಗಿದ ಬಳ್ಳಿ" ಅಂತ ಮುಂದೆ ಹೋಗುತ್ತಿದ್ದೆ. ಅಪ್ಪನ ಬಾಯಿ ನಿಲ್ಲಲಿಲ್ಲ. ಇದು ಚಾಟ್ನಿ ತಡ ಆಗೈತಿ. ಇಲ್ಲಿ ಮೂರು ಬೋರ್ ಹಾಕಿದ್ದ, ಮೂರೂ ಫೇಲ್, ಪಡ ಕಿತ್ತ. ಇವರದು ಮಣೂಕ ಮಳಿಗಿಂತ ಎರಡ ದಿನ ಮೊದಲ ಇಳಿಸ್ಯಾರ, ಪುಣ್ಯವಂತರು. ಆ ಬೇವಿನ ಗಿಡದ ಕೆಳಗ ನಿನ್ನ ಮುತ್ತ್ಯಾಗ ಹಾವು ಕಡಿದಿತ್ತು, ಬದುಕಿದ. ನೀರಿನ ಟ್ಯಾಂಕರ್ ಹೊಡೆದು ಪಡ ಉಳಿಸಿಕೊಂಡ ವರ್ಷಗಳು, ಆಮೇಲೆ ಏತ ನೀರಾವರಿಯ ಪೈಪಿನಲ್ಲಿ ಕೃಷ್ಣೆಯ ನೀರು ಈ ಎತ್ತರಕ್ಕೆ ಹತ್ತಿ ಬಂದಾಗ ಮುದುಕರು ಕಾಲುವೆ ದಂಡೆಯಲ್ಲಿ ಕೈಮುಗಿದು ನಿಂತದ್ದು, ಎಲ್ಲ ಹೇಳಿದ. ನಾನು ಗಾಡಿಯ ವೇಗ ಇಳಿಸುತ್ತ ಹೋದೆ. ನಲವತ್ತು, ಮೂವತ್ತು. ಹಿಂದೆ ಬಂದವರು ಹಾರ್ನ್ ಬಾರಿಸಿ ಮುಂದೆ ಹೋದರು.

ಒಳದಾರಿ ಹಿಡಿದು ಬಬಲೇಶ್ವರಕ್ಕೆ ಬಂದೆವು. ಚಹಾ, ಮಿರ್ಚಿ. ಅಲ್ಲಿಂದ ಮಮದಾಪುರ ಕೆರೆಗೆ. ಆದಿಲ್‌ಶಾಹಿಯ ಕಾಲದಲ್ಲಿ ಕಟ್ಟಿದ ದೊಡ್ಡ ಕೆರೆ, ಊರಿಗೂ ಆ ಸುಲ್ತಾನ ಮೊಹಮ್ಮದನದೇ ಹೆಸರು. ಗೋಳಗುಮ್ಮಟದಲ್ಲಿ ಮಲಗಿದವನೇ ಈ ಕೆರೆಯನ್ನೂ ಬಿಟ್ಟು ಹೋಗಿದ್ದಾನೆ. ಅದಕ್ಕೆ ಟಿಕೆಟ್ ಇದೆ, ಇದಕ್ಕಿಲ್ಲ. ಏಪ್ರಿಲ್‌ನಲ್ಲೂ ತಳದಲ್ಲಿ ನೀರಿತ್ತು. ಕೆಸರಿನಲ್ಲಿ ಎಮ್ಮೆಗಳು, ಆಚೆ ದಂಡೆಯಲ್ಲಿ ಬೆಳ್ಳಕ್ಕಿ, ಅದರಾಚೆ ಇಳಿಯುತ್ತಿದ್ದ ಹೊತ್ತು. ಏರಿಯ ಕಲ್ಲಿನ ಮೇಲೆ ಕೂತೆವು. ಎಷ್ಟೋ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಅಪ್ಪ ಅಂದ, "ಎಟ್ಟ ಚಂದ ಐತಿ ನೋಡಪಾ."

ನಿಜ ಹೇಳ್ತೀನಿ, ನನಗೆ ಆಶ್ಚರ್ಯವಾಯಿತು. ಎರಡು ವಾರದಿಂದ ನಾನು ಕಟ್ಟಿಕೊಂಡಿದ್ದ ತರ್ಕ ಬೇರೆಯೇ ಇತ್ತು. ದುಡಿಯುವವನಿಗೆ ನೆಲ ಚಂದ ಕಾಣೋದಿಲ್ಲ, ಅವನಿಗೆ ಅದು ಕೆಲಸ; ಚಂದ ಅನ್ನೋದು ನಮ್ಮಂಥ ಪುಕ್ಕಟೆ ನೋಡುವವರ ಶೋಕಿ. ಇಂಥ ಮಾತನ್ನು ನೀವೂ ಕೇಳಿರುತ್ತೀರಿ. ಬಡವರ ಪರವಾಗಿ ಆಡಿದಂತೆ ಕಾಣುವ ಈ ಮಾತಿನಲ್ಲಿ ಎಂಥ ಅವಮಾನ ಅಡಗಿದೆ ಅಂತ ಆಗ ಗೊತ್ತಾಯಿತು. ಸ್ಯಾಂಪಲ್ ಚೀಲದ ಬಾಯಿ ಕಟ್ಟಿಕೊಂಡು ಬಂದ ದಿನವೇ ಅಪ್ಪನಿಗೆ ಆ ನೀರು, ಆ ಬೆಳ್ಳಕ್ಕಿ ಚಂದ ಕಂಡಿತ್ತು.

ಇದೇ ಹೊತ್ತು ಅಂತ ನಾನು ಎದೆಯಲ್ಲಿದ್ದದ್ದನ್ನ ಕೇಳಿಬಿಟ್ಟೆ. "ನೀವು ಅಲ್ಲಿ ತಾಡಪತ್ರಿ ಹಿಡಕೊಂಡು ಒದ್ದಾಡೂ ಮುಂದ ನಾ ಅಲ್ಲಿ ಕುಂತು ಮಳಿ ಚಂದ ಐತಿ ಅಂದ್ನಿ. ನಿನಗ ಸಿಟ್ಟ ಬರಲಿಲ್ಲೇನು?"

ಅಪ್ಪ ನಕ್ಕ. "ಮಳಿ ಬಂದ್ರ ನಿನಗ ಅಂಜಿಕಿ ಆಗಬಾರದು ಅಂತನ ಸಾಲಿ ಕಲಿಸಿದ್ದು. ಈಗ ನೀ ಮಳಿ ನೋಡಿ ಖುಷಿ ಪಟ್ಟರ ನನಗ್ಯಾಕ ಸಿಟ್ಟು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಂಟ್ ಹೇಳಿದ ಆ ನಿರ್ಲಿಪ್ತ ನೋಟ ಆಕಾಶದಿಂದ ಬಿದ್ದದ್ದಲ್ಲ, ಯಾರೋ ದುಡ್ಡು ಕೊಟ್ಟು ಕೊಂಡದ್ದು. ನನ್ನ ವಿಷಯದಲ್ಲಿ ಅದನ್ನ ಕೊಂಡವನು ಅಪ್ಪ, ಹದಿನೆಂಟು ವರ್ಷ ಕಂತು ಕಟ್ಟಿ. ಮಳೆಗೆ ಹೆದರಬೇಕಿಲ್ಲದ ಬದುಕು ಅವನು ನನಗೆ ಕೊಟ್ಟ ಆಸ್ತಿ. ಹಾಗಿದ್ದರೆ ಅದನ್ನ ಅನುಭವಿಸೋದು ದ್ರೋಹ ಹೇಗಾಗುತ್ತೆ? ಬೆಟ್ಟದ ಜಗಲಿಯಲ್ಲಿ ಕೂತು ಪಾಪಪ್ರಜ್ಞೆಯಿಂದ ಕಾಫಿ ಕುಡಿದರೆ ಅಪ್ಪನ ಮಣೂಕ ಒಣಗುತ್ತಾ?

ಒಣಗೋದಿಲ್ಲ. ಆದರೂ ನನಗೆ ಸಮಾಧಾನವಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಪ್ಪನೇ ಇನ್ನೊಂದು ಮಾತು ಸೇರಿಸಿದ, ನೀರಿನ ಕಡೆಗೇ ನೋಡುತ್ತ. "ಅಂಜಿಕಿ ಬ್ಯಾಡ. ಖಬರ ಇರಲಿ."

ಖಬರ ಅನ್ನೋ ಶಬ್ದ ನಮ್ಮ ಕಡೆ ಎರಡು ಕೆಲಸ ಮಾಡುತ್ತೆ. ಸುದ್ದಿಗೂ ಖಬರ, ಎಚ್ಚರಕ್ಕೂ ಖಬರ. ಊರಿನ ಖಬರ ಏನು ಅಂದರೆ ಸುದ್ದಿ. ಅವನಿಗೆ ಖಬರೇ ಇಲ್ಲ ಅಂದರೆ ಮೈಮೇಲೆ ಎಚ್ಚರವಿಲ್ಲ. ನಾನು ಕಳಕೊಂಡದ್ದು ಇದನ್ನೇ. ಅಪ್ಪ ನನ್ನಿಂದ ಅಂಜಿಕೆ ತೆಗೆಯಲು ಹೋದ, ನಾನು ಅಂಜಿಕೆಯ ಜೊತೆ ಖಬರನ್ನೂ ಕಳೆದುಕೊಂಡೆ. ಅವತ್ತು ಜಗಲಿಯಲ್ಲಿ ಕೂತಾಗ ನನ್ನ ಜೇಬಿನಲ್ಲೇ ಫೋನ್ ಇತ್ತು, ಅದರಲ್ಲಿ ವಿಜಯಪುರದ ಹವಾಮಾನ ನೋಡಲು ಎರಡು ಸೆಕೆಂಡ್ ಸಾಕಿತ್ತು. ಏಪ್ರಿಲ್‌ನಲ್ಲಿ ಶೆಡ್ಡಿನಲ್ಲಿ ಮಣೂಕ ಇರುತ್ತೆ ಅನ್ನೋದು ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ನನಗೆ ನೆನಪಾಗಲಿಲ್ಲ, ಅಷ್ಟೇ. ಮಳೆಯನ್ನು ಚಂದ ಅಂದದ್ದು ನನ್ನ ತಪ್ಪಲ್ಲ. ಮಳೆ ನೋಡಿದಾಗ ಮನೆ ನೆನಪಾಗದಷ್ಟು ಚೊಕ್ಕವಾಗಿ ನೋಡಿದ್ದು ತಪ್ಪು.

ಬೆಟ್ಟ ಯಾಕೆ ಅಷ್ಟು ಆರಾಮ ಕೊಡುತ್ತೆ ಅಂತಲೂ ಅವತ್ತು ಹೊಳೆಯಿತು. ಅಲ್ಲಿ ನನ್ನ ಮೇಲೆ ಯಾರಿಗೂ ಹಕ್ಕಿಲ್ಲ. ಯಾರ ಬೋರ್ ಫೇಲಾದರೂ ನನಗೆ ಗೊತ್ತಾಗೋದಿಲ್ಲ, ಯಾರೂ ಮಗಳ ಮದುವೆಗೆ ಕರೆಯೋದಿಲ್ಲ, ಯಾರೂ "ಯಾವಾಗ ಬಂದಿ?" ಅಂತ ಕೇಳೋದಿಲ್ಲ. ಊರಿಗೆ ಹೋದರೆ ಬಸ್‌ಸ್ಟ್ಯಾಂಡಿನಿಂದಲೇ ಕೇಳ್ತಾರೆ. ಅಂದರೆ ಆ ಶಾಂತಿ ಬೆಟ್ಟದ್ದಲ್ಲ. ನಾನು ಯಾರಿಗೂ ಏನೂ ಅಲ್ಲ ಅನ್ನೋ ಬಿಡುಗಡೆಯದ್ದು. ವಾರವಿಡೀ ಹತ್ತು ಜನಕ್ಕೆ ಉತ್ತರ ಕೊಡುವವನಿಗೆ ಒಂದು ದಿನದ ಆ ಬಿಡುಗಡೆ ಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನೇ ಬೆಟ್ಟದ ಗುಣ ಅಂತ ತಿಳಿದರೆ, ಬೆಟ್ಟದಲ್ಲಿ ಜನ ಇದ್ದಾರೆ ಅನ್ನೋದೇ ಮರೆತುಹೋಗುತ್ತೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಒಂದು ಚಹಾದಂಗಡಿ ಅದನ್ನ ನಡೆಸುತ್ತಿದ್ದ ಕುಟುಂಬದ ಸಮೇತ ಕೊಚ್ಚಿಹೋಯಿತು. ಆ ದಾರಿಯಲ್ಲಿ ಓಡಾಡುವ ನನ್ನಂಥವರಿಗೆ ಆ ಗುಡ್ಡ ಹಸಿರು ಗೋಡೆ. ಅದರ ಕೆಳಗೆ ಬದುಕಿದವರಿಗೆ ಅದು ಪ್ರತಿ ಮಳೆಗಾಲ ತಲೆಯೆತ್ತಿ ನೋಡಬೇಕಾದ ಗುಡ್ಡ.

ಹಾಗಾದರೆ ನೆಲದ ಮೇಲೆ ಪಾಲಿದ್ದವರಿಗೆ ಮಾತ್ರ ಖಬರ ಇರುತ್ತಾ? ಹೊಲ ಇಲ್ಲದವರು ಏನು ಮಾಡಬೇಕು? ವಾಪಸು ಬರುವಾಗ ಇದನ್ನೇ ಯೋಚಿಸುತ್ತಿದ್ದೆ. ನೆನಪಾದದ್ದು ಸಿದ್ಧೇಶ್ವರ ಸ್ವಾಮೀಜಿ. ವಿಜಯಪುರದ ಜ್ಞಾನಯೋಗಾಶ್ರಮದವರು, ಹುಟ್ಟಿದ್ದು ನಮ್ಮ ಟಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ. ಅವರ ಅಂಗಿಗೆ ಜೇಬಿರಲಿಲ್ಲ. 2018ರಲ್ಲಿ ಕೊಟ್ಟ ಪದ್ಮಶ್ರೀಯನ್ನೂ ಬೇಡ ಅಂದರು. 2023ರ ಜನವರಿ 2ರಂದು ತೀರಿಕೊಂಡಾಗ ಆಸ್ತಿ ಅನ್ನೋದು ಅವರ ಹೆಸರಿನಲ್ಲಿ ಹುಡುಕಿದರೂ ಸಿಗುವಂತಿರಲಿಲ್ಲ. ಮಳೆಯಿಂದ ಅವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕಾಂಟ್ ಕೇಳಿದ ನೋಟಗಾರ ಅಂದರೆ ಇವರೇ ಅನ್ನಬೇಕು. ಆದರೆ ಅವರನ್ನ ಟೂರಿಸ್ಟ್ ಅನ್ನಲಾದೀತಾ? ಒಂದೊಂದು ಊರಿನಲ್ಲಿ ತಿಂಗಳುಗಟ್ಟಲೆ ಇದ್ದು, ಬೆಳಗಿನ ಜಾವ ಹೊಲದವರಿಗೆ ಹೊಲದ ಮಾತಿನಲ್ಲೇ ಪ್ರವಚನ ಹೇಳಿದವರು. ನಮ್ಮವ್ವ ನಸುಕಿನಲ್ಲೆದ್ದು ಹೋಗಿ ಕೇಳಿ ಬರುತ್ತಿದ್ದಳು. ಜೇಬು ಇಲ್ಲದಿರೋದು ಬೇರೆ, ಖಬರ ಇಲ್ಲದಿರೋದು ಬೇರೆ. ನಾನು ಜೇಬು ತುಂಬಿಕೊಂಡು ಖಬರ ಬಿಟ್ಟಿದ್ದೆ.

ಸಾರವಾಡದ ಹತ್ತಿರ ಡೋಣಿ ದಾಟುವಾಗ ಕತ್ತಲಾಗಿತ್ತು. ಡೋಣಿ ದಂಡೆ ಬೆಳೆದರೆ ಓಣಿಯೆಲ್ಲ ಜೋಳ ಅಂತ ನಮ್ಮ ಕಡೆ ಮಾತು. ಅಂಥ ಮಣ್ಣು ಕೊಟ್ಟ ಹೊಳೆಯ ನೀರು ಮಾತ್ರ ಸವಳು. ಅಪ್ಪ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ. ಅಂಗೈಯ ಗಾಯ ಒಣಗಿತ್ತು. ಒಟ್ಟು ನೂರು ಕಿಲೋಮೀಟರಿನ ಸುತ್ತಿಗೆ ನಾವು ತಗೊಂಡದ್ದು ಒಂಬತ್ತು ತಾಸು. ನಾನು ಒಂದೂ ಫೋಟೋ ತೆಗೆದಿರಲಿಲ್ಲ. ಅದೇನು ದೊಡ್ಡ ತ್ಯಾಗವಲ್ಲ, ನೆನಪೇ ಆಗಿರಲಿಲ್ಲ.

ಈಗಲೂ ನಾನು ಬೆಟ್ಟಕ್ಕೆ ಹೋಗ್ತೀನಿ. ಬಿಟ್ಟಿಲ್ಲ, ಬಿಡೋದೂ ಇಲ್ಲ. ಮಾರನೇ ವರ್ಷ ಮಾರ್ಚ್ ಕೊನೆಗೆ ಮೂಡಿಗೆರೆ ಕಡೆ ಹೋಗಿದ್ದೆವು. ಸಂಜೆ ನಾಲ್ಕರ ಸುಮಾರಿಗೆ, ಗೆಳೆಯರು ಫೋಟೋ ತೆಗೆಯುತ್ತಿದ್ದಾಗ, ಅಪ್ಪನ ಫೋನು.

"ಇಲ್ಲಿ ಮ್ವಾಡ ಹಾಕೈತಿ."

ನಾನು ಅವಸರದಲ್ಲಿ ಫೋನಿನಲ್ಲೇ ರಾಡಾರ್ ಚಿತ್ರ ತೆಗೆದು ನೋಡಿದೆ. ಗಾಳಿ ಯಾವ ಕಡೆಯಿಂದ, ಎಷ್ಟೊತ್ತಿಗೆ ಅಂತೆಲ್ಲ ಹೇಳಿದೆ. ಪಡುವಣದ ಬದಿ ಮೊದಲು ಕಟ್ಟಿರಿ ಅಂದೆ.

"ಕಟ್ಟಿ ಒಂದ ತಾಸ ಆತು" ಅಂದ ಅಪ್ಪ.

"ಮತ್ತ್ಯಾಕ ಫೋನ್ ಹಚ್ಚಿದಿ?"

"ನೀನ ಹೇಳಿದ್ದೆಲ್ಲ, ಖಬರ ಕೊಡಂತ. ಕೊಟ್ನಿ." ಸ್ವಲ್ಪ ಸುಮ್ಮನಾಗಿ ಕೇಳಿದ, "ಅಲ್ಲಿ ಮಳಿ ಐತೇನು?"

"ಇಲ್ಲ. ಇಲ್ಲಿ ಬೇಕಾಗೈತಿ. ಕಾಫಿ ಹೂವಿಗೆ. ಒಂದ ತಿಂಗಳಾತಂತ ದಾರಿ ನೋಡಾಕತ್ತು."

"ಹೌದಾ?" ಅಪ್ಪನ ದನಿಯಲ್ಲಿ ಲೆಕ್ಕ ಹಾಕುತ್ತಿರುವ ಹಾಗಿತ್ತು. "ಹಂಗಾರ ಇಲ್ಲಿದು ಅಲ್ಲಿಗೇ ಹೋಗ್ಲಿ ಬಿಡು. ಪಾಪ, ಅವರದೂ ವರ್ಷದ ಬೆಳಿ."

ಫೋನ್ ಇಟ್ಟ ಮೇಲೆ ಹೋಮ್‌ಸ್ಟೇಯವರ ಹತ್ತಿರ ಹೋಗಿ ಇದನ್ನ ಹೇಳಿದೆ. ಅವರು ಆಕಾಶ ನೋಡಿದರು. ನಾನೂ ನೋಡಿದೆ.